ಚಿಕ್ಕತಾಯಮ್ಮನ ಮಗ ಸೇತುವೆ ಕಟ್ಟಿದ್ದು

ನಗೋರು ನಗಿ, ಆದರೆ ಮೆಲ್ಲಗೆ ನಗಿ, ಚಿಕ್ಕತಾಯಮ್ಮನಿಗೆ ಕೇಳಿಸಬಾರದು. ಪಾಪ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಅವಳದು. ಒಂಬತ್ತನೇ ಕ್ಲಾಸಿನ ಮಗ ಸಣ್ಣಮಾದನ ಎಡವಟ್ಟೆಲ್ಲ ಅವಳ ಕಣ್ಣೆದುರಿಗೇ ಆಗಬೇಕು. ಹೇಳಿದ್ದನ್ನು ಮಾಡದ ಮಕ್ಕಳುಂಟು. ಇವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು!

ಆ ಸಲ ವಿಜ್ಞಾನದ ಮೇಷ್ಟ್ರು ಮಕ್ಕಳ ಕೈಯಲ್ಲಿ ಬಿದಿರು ದಬ್ಬೆಯ ಸೇತುವೆ ಕಟ್ಟಿಸಿದರು. ಎರಡು ಬೆಂಚಿನ ನಡುವೆ ಇಟ್ಟು, "ಸಣ್ಣಮಾದ, ಬಲ ಹಾಕು, ನೋಡೋಣ!" ಎಂದರು. ಇವನು ಸೇತುವೆಯನ್ನೇ ಎತ್ತಿ ಬಲಗಡೆಗೆ ಹಾಕಿದ. ಬಲಗಡೆ ಬೆಂಚೇ ಇರಲಿಲ್ಲ, ಸೇತುವೆ ನೆಲಕ್ಕೆ ಬಿದ್ದು ಮುರಿಯಿತು.

"ಬಲ ಅಂದ್ರೆ ಬಲಗಡೆ ಅಲ್ಲ ಕಣ್ಲಾ, ಶಕ್ತಿ!" ಅವ್ವ ಹಣೆ ಚಚ್ಚಿಕೊಂಡಳು. "ಬಲ ಅಂದ ತಕ್ಷಣ ಜೋರಾಗಿ ತಳ್ಳು!"

"ಆಗ್ಲಿ ಕನವ್ವ!"

ಮಾರನೇ ದಿನ ಡ್ರಿಲ್ ಮೇಷ್ಟ್ರು "ಬಲಕ್ಕೆ ತಿರುಗ್!" ಎಂದು ಕೂಗಿದರು. ಸಣ್ಣಮಾದ ಓಡಿಬಂದು ಅವರನ್ನೇ ತಳ್ಳಿದ. ಮೇಷ್ಟ್ರು ಕೈತೋಟದ ಕೆಸರಿನಲ್ಲಿ ಕೂತರು.

"ನನ್ ಮಾನ ಕಳೆದ್ಯಲ್ಲೋ!" ಅವ್ವ ಸೌಟು ಹಿಡಿದೇ ಓಡಿಬಂದಳು. "ಇನ್ಮೇಲೆ ಯಾರನ್ನೂ ಏನನ್ನೂ ಮುಟ್ಬ್ಯಾಡ. ಕೈ ಕಟ್ಕೊಂಡು ನಿಂತ್ಕೊ!"

"ಆಗ್ಲಿ ಕನವ್ವ!"

ಸೇತುವೆ ಮತ್ತೆ ಕಟ್ಟಿ ಸಾಗಿಸುವಾಗ ಹುಡುಗರು ಕೂಗಿದರು: "ಜಾರ್ತಾ ಅದೆ, ಹಿಡ್ಕೊಳ್ಳೋ!" ಇವನು ಕೈ ಕಟ್ಟಿಕೊಂಡು ನೋಡುತ್ತ ನಿಂತ. ಸೇತುವೆ ಮೂರು ತುಂಡಾಯಿತು.

ವಿಜ್ಞಾನದ ಮೇಷ್ಟ್ರಿಗೆ ರೇಗಿಹೋಯಿತು. "ಚಿಕ್ಕತಾಯಮ್ಮ, ನಾಡಿದ್ದು ಶಾಲೆ ತಪಾಸಣೆಗೆ ಸಾಹೇಬರು ಬರ್ತಾರೆ. ಇನ್ನೊಂದು ಸಲ ಹೀಗಾದರೆ ನಿಮ್ಮ ಮಗ ಒಬ್ಬನೇ ಹೊರಗೆ ಕೂರಬೇಕು!"

ನಾಚಿಕೆಯಿಂದ ಅವಳಿಗೆ ಅನ್ನ ಬಡಿಸಲೂ ಕೈಯೇಳಲಿಲ್ಲ. ಮಗನ ಕಿವಿ ಹಿಂಡಿ, "ಏನಾದ್ರೂ ಬೀಳೋ ಹಂಗಿದ್ರೆ ಓಡೋಗಿ ಹಿಡ್ಕೊ! ಪ್ರಾಣ ಹೋದ್ರೂ ಬಿಡ್ಬ್ಯಾಡ!" ಎಂದಳು.

"ಆಗ್ಲಿ ಕನವ್ವ!"

ಸಾಹೇಬರು ಬಂದರು. ಮೂರನೇ ಸಲ ಕಟ್ಟಿದ ಸೇತುವೆಯನ್ನು ಬೆಂಚುಗಳ ಮೇಲಿಟ್ಟು, ಸುತ್ತ ಬಣ್ಣದ ಬಟ್ಟೆ ಇಳಿಬಿಟ್ಟಿದ್ದರು. ಆರು ಇಟ್ಟಿಗೆ ಹೊತ್ತರೆ ಸಾಕು ಎಂದಿದ್ದರು ಮೇಷ್ಟ್ರು. ಸೇತುವೆ ಹತ್ತು ಹೊತ್ತಿತು, ಹದಿನೆಂಟು ಹೊತ್ತಿತು! ಚಪ್ಪಾಳೆಯೋ ಚಪ್ಪಾಳೆ. ಚಿಕ್ಕತಾಯಮ್ಮ ಎಷ್ಟೋ ದಿನದ ಮೇಲೆ ತಲೆ ಎತ್ತಿದಳು.

ಸಾಹೇಬರು ಬಟ್ಟೆ ಸರಿಸಿ ಬಗ್ಗಿ ನೋಡಿದರು. ಕೆಳಗೆ ಸಣ್ಣಮಾದ! ಸೇತುವೆಗೆ ಬೆನ್ನು ಕೊಟ್ಟು ಮಂಡಿಯೂರಿದ್ದಾನೆ.

"ಏನೋ ಇದು?"

"ಬೀಳೋ ಹಂಗಿತ್ತು ಸಾ. ಹಿಡ್ಕೊಂಡಿವ್ನಿ!"

ಶಾಲೆಗೆ ಶಾಲೆಯೇ ಗೊಳ್ಳೆಂದಿತು. ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅಯ್ಯೋ, ನಾಚ್ಕೇಲಿ ಕುಸಿದು ಬೀಳೋ ಹಂಗಾಯ್ತದಲ್ಲಪ್ಪ!" ಎಂದಳು.

ಬೀಳೋ ಹಂಗಾ! ಸಣ್ಣಮಾದ ಅಲ್ಲಿಂದ ನೆಗೆದ. ಹದಿನೆಂಟು ಇಟ್ಟಿಗೆ, ಸೇತುವೆ, ಎಲ್ಲ ಧಡಾರನೆ ನೆಲ ಕಂಡವು. ಇವನು ಸಾಹೇಬರ ಎದುರಿಗೇ ಅವ್ವನನ್ನು ಅನಾಮತ್ತಾಗಿ ಎತ್ತಿಕೊಂಡ.

"ಬಿಡ್ಲಾ! ಎಲ್ರೂ ನೋಡ್ತಾವ್ರೆ, ನಾಚ್ಕೆ ಆಯ್ತದೆ, ಬಿಡು!"

"ನಿನ್ ನಾಚ್ಕೆ ಹೋಗಾಗಂಟ ಬಿಡಾಕಿಲ್ಲ ಕನವ್ವ!"