ಅಳಿಸಿದ ಮೂರು ಮೀಟರ್

ಇಂದುಧರ ಬಂದರು ಕಟ್ಟುವ ಎಂಜಿನಿಯರ್. ಆದರೆ ಅವನ ಸಮುದ್ರ ಇದ್ದದ್ದು ಕಂಪ್ಯೂಟರಿನೊಳಗೆ. ಕಡಲ ತಳದ ಆಳ, ಗಾಳಿಯ ವೇಗ, ಅಲೆಯ ಎತ್ತರ ಎಲ್ಲವನ್ನೂ ಅಂಕಿಗಳಾಗಿ ಉಣಿಸಿದರೆ ಸಾಕು, ಪರದೆಯ ಮೇಲೆ ಅಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅವನ್ನು ನೋಡಿ, ತಡೆಗೋಡೆ ಎಲ್ಲಿ ಕಟ್ಟಬೇಕು, ದೋಣಿಗಳು ಒಳಬರುವ ಬಾಯಿ ಎಲ್ಲಿರಬೇಕು ಎಂದು ಅವನು ಹೇಳುತ್ತಿದ್ದ. ಆಸಾಮಿ ಜಾಣ, ಅನುಮಾನವಿಲ್ಲ. ಆ ವಿಷಯದಲ್ಲಿ ಅವನಿಗೂ ಅನುಮಾನವಿರಲಿಲ್ಲ.

ಒಮ್ಮೆ ಕುಂದಾಪುರದ ಕಡೆಯ ಒಂದು ಸಣ್ಣ ಮೀನುಗಾರಿಕೆ ಬಂದರಿನ ಕೆಲಸ ಅವನ ಪಾಲಿಗೆ ಬಂತು. ಲೆಕ್ಕ ಓಡಿಸಿದ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಅಲೆ ಇದ್ದಕ್ಕಿದ್ದಂತೆ ಆಕಾಶಕ್ಕೇರಿ ಲೆಕ್ಕವೇ ನಿಂತುಹೋಯಿತು. ಮತ್ತೆ ಓಡಿಸಿದರೆ ಮತ್ತೆ ಅದೇ ಕಥೆ. ಮೂರು ದಿನ ತಲೆ ಕೆಡಿಸಿಕೊಂಡು ಕೊನೆಗೂ ಕಳ್ಳನನ್ನು ಹಿಡಿದ. ಬಂದರಿನ ಬಾಯಿ ಬರಲಿದ್ದ ಜಾಗದ ಎದುರು, ಸುತ್ತಲೂ ಹನ್ನೊಂದು ಮೀಟರ್ ಆಳ ಇರುವಲ್ಲಿ, ಒಂದೇ ಒಂದು ಕಡೆ ಮೂರು ಮೀಟರ್ ಎಂದಿತ್ತು. ಆಳ ಅಳೆಯುವ ಯಂತ್ರದಡಿ ಮೀನಿನ ಹಿಂಡು ಹಾದುಹೋಗಿರಬೇಕು ಎಂದುಕೊಂಡ. ಮೂರನ್ನು ಅಳಿಸಿ ಹನ್ನೊಂದು ಎಂದು ಬರೆದ. ಅಲೆಗಳು ಸಾಕಿದ ಹಸುವಿನ ಹಾಗೆ ತಣ್ಣಗೆ ಬಂದರಿನೊಳಗೆ ನಡೆದುಬಂದವು.

ವರದಿ ಕೊಡುವ ಮೊದಲು ಮೀನುಗಾರರ ಸಂಘದಲ್ಲಿ ಪರದೆಯ ಮೇಲಿನ ಆ ಅಲೆಗಳನ್ನು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನರಸಿಂಹ ಮೊಗವೀರ ಮಾತ್ರ ತಟ್ಟಲಿಲ್ಲ. ಅಳತೆಯವರು ಆಳ ಅಳೆಯಲು ಹೋಗಿದ್ದು ಅವನದೇ ದೋಣಿಯಲ್ಲಿ. ಎಲ್ಲರೂ ಚಹಾ ಕುಡಿಯಲು ಎದ್ದ ಮೇಲೆ ಅವನು ಹತ್ತಿರ ಬಂದ.

"ಸಾರ್, ನಿಮ್ಮ ಸಮುದ್ರದಲ್ಲಿ ನೊರೆಯೇ ಇಲ್ಲೆ. ಆ ಬಾಯಿ ಎದ್ರಿಗೆ ನೀರಡಿ ಒಂದ್ ಕಲ್ಲ್ ಇತ್ತ್. ದೊಡ್ಡ ತೆರಿ ಬಂದ್ರೆ ಅಲ್ಲೇ ಒಡಿತ್. ನನ್ನ ತಮ್ಮ ಹೋದ್ದ್ ಅಲ್ಲೇ."

ಇಂದುಧರನಿಗೆ ತಾನು ಅಳಿಸಿದ ಮೂರು ನೆನಪಾಯಿತು. ಅಂಕಿ ಅಳಿಸಿದ್ದು ಅವನಿಗೊಬ್ಬನಿಗೇ ಗೊತ್ತು. ಸೋಮವಾರ ವರದಿ ಕೊಡಬೇಕು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಆದರೆ ಆ ಬಾಯಿಯಿಂದ ದಿನವೂ ಒಳಬರಬೇಕಾದ ದೋಣಿಗಳು ಈ ಮೀನುಗಾರರವು. ಅವನಿಗೆ ನಿಜಕ್ಕೂ ಭಯವಾಯಿತು.

"ನರಸಿಂಹಣ್ಣ, ನಾಳೆ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದ.

ಮರುದಿನ ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಇಳಿಸಿದರು. ಹನ್ನೊಂದು ಮೀಟರ್. ದೋಣಿ ಸ್ವಲ್ಪ ಮುಂದೆ ಹೋಯಿತು. ಮತ್ತೆ ಹನ್ನೊಂದು. ಇನ್ನೂ ಸ್ವಲ್ಪ ಮುಂದೆ ಹೋದಾಗ, ಮೂರು ಮೀಟರಿಗೇ ಗುಂಡು ಕಲ್ಲಿಗೆ ತಾಗಿತು. ಅದರ ಪೆಟ್ಟು ಹಗ್ಗದುದ್ದಕ್ಕೂ ಬಂದು ಇಂದುಧರನ ಅಂಗೈಗೆ ತಿಳಿಯಿತು. ತಾನು ಆ ಮೂರನ್ನು ಅಳಿಸಿದ್ದನ್ನು ಅವನು ದೋಣಿಯಲ್ಲೇ ನರಸಿಂಹನಿಗೆ ಹೇಳಿದ.

ಇಂದುಧರ ತನ್ನ ಮೇಲಧಿಕಾರಿಯ ಮುಂದೆ ನಿಂತು, ತಾನೇ ಅಂಕಿ ತಿದ್ದಿದ್ದಾಗಿ ಒಪ್ಪಿಕೊಂಡ. ಚೆನ್ನಾಗಿ ಬೈಸಿಕೊಂಡ. ಕಂಪ್ಯೂಟರಿನೊಳಗೆ ಸಮುದ್ರವನ್ನು ಚೌಕ ಚೌಕವಾಗಿ ಹೆಣೆದಿರುತ್ತಾರೆ. ಆ ಕಲ್ಲಿನ ಸುತ್ತಲಿನ ಚೌಕಗಳು ತೀರ ದೊಡ್ಡವಾಗಿದ್ದವು, ಲೆಕ್ಕ ಕೆಡುತ್ತಿದ್ದುದು ಅದಕ್ಕೇ. ಅವನ್ನು ಸಣ್ಣದು ಮಾಡಿ, ಮೂರನ್ನು ಮೂರೇ ಎಂದು ಬರೆದು, ಮೊದಲಿನಿಂದ ಓಡಿಸಿದ. ಈ ಸಲ ಲೆಕ್ಕ ನಿಲ್ಲಲಿಲ್ಲ. ಅಲೆ ಬಂತು, ಕಲ್ಲಿನ ಮೇಲೆ ಎದ್ದಿತು, ಸರಿಯಾಗಿ ಬಂದರಿನ ಬಾಯಿಯಲ್ಲೇ ಒಡೆಯಿತು. ಕೆಲಸ ಎರಡು ತಿಂಗಳು ತಡವಾಯಿತು. ಬಂದರಿನ ಬಾಯಿಯನ್ನು ಉತ್ತರಕ್ಕೆ ಸರಿಸಿ ಕಟ್ಟಿದರು.

ಬಂದರು ಮುಗಿದ ವರ್ಷ, ಮಳೆಗಾಲದ ಮೊದಲ ದೊಡ್ಡ ಅಲೆಗಳು ಬಂದ ದಿನ ಇಂದುಧರ ತಡೆಗೋಡೆಯ ಮೇಲೆ ನಿಂತು ಕಾಯುತ್ತಿದ್ದ. ದೋಣಿಗಳು ಒಂದೊಂದಾಗಿ ಒಳಗೆ ಬಂದವು. ಎಲ್ಲಕ್ಕಿಂತ ಕೊನೆಗೆ ನರಸಿಂಹ ಬಂದ. ದೋಣಿ ಕಟ್ಟಿ ಮೇಲೆ ಹತ್ತಿ, ಇಂದುಧರನ ಪಕ್ಕದಲ್ಲಿ ನಿಂತು ದಕ್ಷಿಣಕ್ಕೆ ಕೈ ತೋರಿಸಿದ. ಅಲ್ಲಿ ಖಾಲಿ ನೀರಿನ ನಡುವೆ, ಮನೆಯೆತ್ತರಕ್ಕೆ ಬಿಳಿ ನೊರೆ ಎದ್ದು ಬೀಳುತ್ತಿತ್ತು.

"ಕಾಣಿ ಸಾರ್, ನೀವ್ ಅಳಿಸಿದ್ ಅಂಕಿ ಎದ್ದ್ ನಿಂತಿತ್," ಎಂದ.

ನೀತಿ: ನಮ್ಮ ಲೆಕ್ಕಕ್ಕೆ ಹೊಂದದ ಸಂಗತಿ ಸುಳ್ಳೇ ಆಗಿರಬೇಕೆಂದಿಲ್ಲ. ಅದನ್ನು ಅಳಿಸುವ ಮೊದಲು ಒಮ್ಮೆ ಹೋಗಿ ನೋಡಿ ಬರಬೇಕು. ಅಳಿಸಿಬಿಟ್ಟಿದ್ದರೆ, ಇನ್ನೊಬ್ಬರ ಜೀವಕ್ಕೆ ಕುತ್ತು ಬರುವ ಮೊದಲು ಒಪ್ಪಿಕೊಂಡು ತಿದ್ದಿಕೊಳ್ಳಬೇಕು.