ಜಯಶೀಲ ಮಗುವನ್ನು ಒಪ್ಪಿಸಿದ್ದು

ಮೈಸೂರಿನಲ್ಲಿ ಸರ್ವಮಂಗಳಮ್ಮ ಎಂಬುವರು ಒಂದು ಏಜೆನ್ಸಿ ನಡೆಸುತ್ತಿದ್ದರು. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಮಗು ನೋಡಿಕೊಳ್ಳುವ ಹೆಂಗಸರನ್ನು ಕಳಿಸುವುದು ಆ ಏಜೆನ್ಸಿಯ ಕೆಲಸ. ಅವರ ಬಳಿ ಇಪ್ಪತ್ತೆಂಟು ಹೆಂಗಸರು ಇದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಒಬ್ಬಳು ರಜೆಯ ಮೇಲೆ ಹೋಗುವಾಗ, ಅವಳ ಜಾಗಕ್ಕೆ ಬರುವವಳ ಜೊತೆ ಅರ್ಧ ದಿನ ಕೂತು ಮಗುವನ್ನು ಒಪ್ಪಿಸಬೇಕು. ಒಪ್ಪಿಸುವುದೆಂದರೆ ಎತ್ತಿ ಕೈಗೆ ಕೊಡುವುದಲ್ಲ. ಮಗು ಯಾವ ಸದ್ದಿಗೆ ಬೆಚ್ಚುತ್ತದೆ, ಯಾವ ಹೊತ್ತಿನಲ್ಲಿ ರಚ್ಚೆ ಹಿಡಿಯುತ್ತದೆ, ಯಾವ ಮಗ್ಗುಲಿಗೆ ಮಲಗುತ್ತದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುವುದು. ಕೊನೆಗೆ ಒಂದು ಹಾಳೆಯಲ್ಲಿ ಒಬ್ಬಳು ‘ಹೇಳಿದ್ದೇನೆ’ ಎಂದು ರುಜು ಹಾಕಬೇಕು, ಇನ್ನೊಬ್ಬಳು ‘ಕೇಳಿಕೊಂಡಿದ್ದೇನೆ’ ಎಂದು. ಮಗುವಿಗೆ ಮಾತು ಬರುವುದಿಲ್ಲ, ಅದರ ಪರವಾಗಿ ನೀವೇ ಮಾತಾಡಬೇಕು ಎಂದು ಸರ್ವಮಂಗಳಮ್ಮ ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದರು. ನೂರು ಸಲ ಕೇಳಿದ್ದ ಹೆಂಗಸರು ತಲೆಯಾಡಿಸಿ ಆಕಳಿಸುತ್ತಿದ್ದರು.

ಆ ಇಪ್ಪತ್ತೆಂಟು ಜನರಲ್ಲಿ ಜಯಶೀಲ ಒಬ್ಬಳು. ಕೆಲಸಕ್ಕೆ ಕಾಯಂ ಆಗಿ ತನ್ನದು ಅನ್ನುವ ಒಂದು ಮನೆ ಅವಳಿಗೆ ಇರಲಿಲ್ಲ. ಯಾರಾದರೂ ರಜೆ ಹಾಕಿದರೆ ಬದಲಿಯಾಗಿ ಹೋಗುವುದು ಅವಳ ಪಾಲಿಗೆ ಬಂದ ಕೆಲಸ. ಒಂದು ಕಡೆ ಹತ್ತು ದಿನ, ಇನ್ನೊಂದು ಕಡೆ ಮೂರು ವಾರ. ಮಗು ಅವಳನ್ನು ಕಂಡು ನಗುವ ಹೊತ್ತಿಗೆ ಬದಲಿ ಮುಗಿದಿರುತ್ತಿತ್ತು. ಎರಡು ವರ್ಷದಲ್ಲಿ ಹತ್ತೊಂಬತ್ತು ಮಕ್ಕಳನ್ನು ಎತ್ತಿದ್ದಳು. ಅವುಗಳಲ್ಲಿ ಒಂದೂ ಅವಳನ್ನು ನೆನಪಿಟ್ಟುಕೊಂಡಿರಲಿಕ್ಕಿಲ್ಲ. ಏಜೆನ್ಸಿಗೆ ಅವಳು ಬಂದಾಗ ಉಳಿದವರು, “ಬಂದ್ಳಪ್ಪ ನಮ್ಮ ಸ್ಟೆಪ್ನಿ. ಇವತ್ತು ಯಾರ ಗಾಡಿ ಪಂಕ್ಚರ್ರು?” ಅನ್ನುತ್ತಿದ್ದರು. ಅವಳೂ ಅವರ ಜೊತೆ ನಗುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಆ ನಗು ಇರುತ್ತಿರಲಿಲ್ಲ.

ಒಮ್ಮೆ ಮಹದೇವಮ್ಮ ಎಂಬ ಹಿರಿಯ ಹೆಂಗಸು ಒಂದು ತಿಂಗಳ ರಜೆ ಕೇಳಿದಳು. ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಬೇಕಿತ್ತು. ಮಹದೇವಮ್ಮ ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಆಗ ಅವಳು ವಿಭಾ ಎಂಬ ಕಾಲೇಜು ಅಧ್ಯಾಪಕಿಯ ಮನೆಯಲ್ಲಿ ಒಂಬತ್ತು ತಿಂಗಳ ಹೆಣ್ಣುಮಗುವನ್ನು ನೋಡಿಕೊಳ್ಳುತ್ತಿದ್ದಳು. ಮಗುವಿನ ಹೆಸರು ಚಿನ್ಮಯಿ. ಅಲ್ಲಿಗೆ ಬದಲಿಯಾಗಿ ಜಯಶೀಲ ಹೋದಳು.

ಮಹದೇವಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದನ್ನೂ ಬಿಡದೆ ಹೇಳಿದಳು. ಮಿಕ್ಸಿ ಹಾಕುವ ಮೊದಲು ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳಬೇಕು. ರಾಗಿ ಸರಿ ಸ್ವಲ್ಪ ನೀರಾಗಿರಬೇಕು. ಭುಜದ ಮೇಲೆ ಹಾಕಿಕೊಂಡು ಹಜಾರದ ಉದ್ದಕ್ಕೂ ಓಡಾಡಿದರೆ ನಿದ್ದೆ. ತಲೆಗೆ ನೀರು ಹಾಕುವಾಗ ಮಾತ್ರ ಹಾಡು ನಿಲ್ಲಿಸಬಾರದು. ಹೇಳಿ ಮುಗಿಸಿದ ಮೇಲೂ ಗೇಟಿನ ತನಕ ಹೋಗಿ ವಾಪಸು ಬಂದಳು. ಎಡಗಿವಿಯ ಹಿಂದೆ ಸೆಕೆಗೆ ಕೆಂಪಾಗುತ್ತದೆ, ಒರೆಸಿ ಒಣಗಿಸು ಎಂದು ಹೇಳುವುದು ಮರೆತಿದ್ದಳು.

ಆ ಮನೆ ಜಯಶೀಲಳಿಗೆ ಹಿಡಿಸಿಬಿಟ್ಟಿತು. ವಿಭಾ ಅವಳನ್ನು ಹೆಸರು ಹಿಡಿದು, ಬಹುವಚನದಲ್ಲಿ ಕರೆಯುತ್ತಿದ್ದಳು. ಊಟ ಮೇಜಿನ ಮೇಲೆ, ಅವರ ತಟ್ಟೆಯಂಥದೇ ತಟ್ಟೆಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಮಗು. ಎರಡನೆಯ ವಾರದಲ್ಲಿ ಚಿನ್ಮಯಿ ಬೆಳಿಗ್ಗೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಅಂಬೆಗಾಲಿಕ್ಕಿ ಬಾಗಿಲಿಗೆ ಬರತೊಡಗಿತು.

ಆದರೆ ಒಂದು ತಿಂಗಳೆಂದರೆ ಅಷ್ಟು ಚಿಕ್ಕ ಮಗುವಿಗೆ ಸಣ್ಣ ಕಾಲವಲ್ಲ. ಮೇಲಿನ ಹಲ್ಲುಗಳು ಮೂಡತೊಡಗಿದವು. ಮಗು ಚಮಚ ಕಂಡರೆ ಬಾಯಿ ಬಿಗಿಹಿಡಿಯಿತು. ನಾಲ್ಕು ದಿನ ಒದ್ದಾಡಿದ ಮೇಲೆ ಜಯಶೀಲ ಉಪಾಯ ಕಂಡುಕೊಂಡಳು. ಮಗುವಿನ ಕೈಗೆ ಒಂದು ಚಮಚ ಕೊಟ್ಟರೆ ಅದನ್ನು ಕಚ್ಚುತ್ತ ಕೂರುತ್ತದೆ. ನಡುನಡುವೆ ಇನ್ನೊಂದು ಚಮಚದಿಂದ ತಿನ್ನಿಸಿದರೆ ಬಟ್ಟಲು ಖಾಲಿಯಾಗುತ್ತದೆ. ಸರಿ ನೀರಾಗಿದ್ದರೆ ಉಗಿಯುತ್ತದೆ, ಗಟ್ಟಿಯಾಗಿರಬೇಕು. ನಿದ್ದೆಯೂ ಬದಲಾಗಿತ್ತು. ಭುಜ ಬೇಡ, ಚಾಪೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟಬೇಕು. ರಾತ್ರಿ ಮತ್ತು ಭಾನುವಾರ ಮಗು ತಾಯಿಯ ಹಾಲನ್ನೇ ನೆಚ್ಚಿಕೊಂಡಿದ್ದರಿಂದ ಇದೆಲ್ಲ ವಿಭಾಳಿಗೆ ತಿಳಿದಿರಲಿಲ್ಲ. ಸಂಜೆ ಬಂದು ಖಾಲಿ ಬಟ್ಟಲು ನೋಡಿ ಅವಳು ನೆಮ್ಮದಿಯಾಗಿರುತ್ತಿದ್ದಳು.

ತಿಂಗಳು ಮುಗಿಯಿತು. ಮಹದೇವಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಇನ್ನೂ ಹದಿನೈದು ದಿನ ಅದನ್ನು ತೆಗೆಯಬಾರದು, ಕಣ್ಣಿಗೆ ಮಗುವಿನ ಕೈ ತಾಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಹಿಂದಿನ ಪದ್ಧತಿಯಂತೆ ಇಬ್ಬರೂ ಕೂತರು. ಈಗ ಹೇಳುವ ಸರದಿ ಜಯಶೀಲಳದು.

“ಏನು ಹೊಸದು ಜಯಾ?” ಎಂದಳು ಮಹದೇವಮ್ಮ.

ಜಯಶೀಲಳಿಗೆ ಚಮಚದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಗ ಚಿನ್ಮಯಿ ಅವಳ ಸೆರಗಿನ ತುದಿಯನ್ನು ಹಿಡಿದು ಎಳೆಯಿತು. ನಾಳೆಯಿಂದ ಈ ಮಗುವಿಗೆ ತಾನು ಯಾರೋ. ಮತ್ತೆ ಬಸ್ಸು, ಮತ್ತೆ ಯಾವುದೋ ಬೀದಿ, ಮತ್ತೆ ಸ್ಟೆಪ್ನಿ.

“ಏನೂ ಇಲ್ಲ ಅಕ್ಕ,” ಎಂದಳು ಜಯಶೀಲ. “ನೀವು ಬಿಟ್ಟುಹೋದಾಗ ಹೇಗಿದ್ಳೋ ಹಾಗೇ ಇದ್ದಾಳೆ.”

ಮಹದೇವಮ್ಮನಿಗೆ ಅದು ಕೇಳಿ ಸಂತೋಷವೇ ಆಯಿತು. ಇಬ್ಬರೂ ಹಾಳೆಯ ಮೇಲೆ ರುಜು ಹಾಕಿದರು.

ಜಯಶೀಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಾನು ಯಾರ ಮೇಲೂ ಚಾಡಿ ಹೇಳಿಲ್ಲ, ಯಾವ ವಸ್ತುವನ್ನೂ ಮುಟ್ಟಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಇರುವವಳು ತಾನೇ ಕಂಡುಕೊಳ್ಳಲಿ. ಕಂಡುಕೊಳ್ಳದಿದ್ದರೆ ಅದು ತನ್ನ ತಪ್ಪಲ್ಲ. ಹಾಗೆ ಅಂದುಕೊಂಡರೂ, ಮೂರು ದಿನ ಫೋನು ಸದ್ದಾದಾಗಲೆಲ್ಲ ಅವಳು ಓಡಿ ಹೋಗಿ ನೋಡಿದಳು.

ನಾಲ್ಕನೆಯ ದಿನ ಸರ್ವಮಂಗಳಮ್ಮ ಫೋನು ಮಾಡಿದರು. ಮಗು ಮಹದೇವಮ್ಮನ ಕೈಯಲ್ಲಿ ತಿನ್ನುತ್ತಿಲ್ಲ, ಹಗಲು ಮಲಗುತ್ತಿಲ್ಲ, ತೂಕ ಇಳಿದಂತಿದೆ. ವಿಭಾ ಅತ್ತುಕೊಂಡು ಜಯಶೀಲಳನ್ನೇ ಕಳಿಸಿ ಎಂದು ಕೇಳಿದ್ದಾರೆ. ಇನ್ನು ಆ ಮನೆ ನಿನ್ನದೇ, ಹೋಗಿ ಮಹದೇವಮ್ಮನಿಂದ ಮಗುವನ್ನು ಒಪ್ಪಿಸಿಕೋ ಎಂದರು.

ಬಯಸಿದ್ದೇ ಕೈಗೆ ಬಂದಿತ್ತು. ಬಸ್ಸಿನಲ್ಲಿ ಕೂತಾಗ ಜಯಶೀಲಳಿಗೆ ಮಾತ್ರ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ.

ವಿಭಾ ಅಂದು ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಬಾಗಿಲು ತೆರೆದವಳು ಮಹದೇವಮ್ಮ. ಅವಳ ಮುಖದ ಮೇಲೆ ಕನ್ನಡಕ ಇರಲಿಲ್ಲ. ಬಲಗಣ್ಣು ಕೆಂಪಗೆ ಊದಿ, ನೀರು ಸುರಿಯುತ್ತಿತ್ತು.

ಕನ್ನಡಕ ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ಸಂಕೋಚದಿಂದ ಹೇಳಿದಳು. ಮಗು ಯಾಕೆ ಹೀಗೆ ಮಾಡುತ್ತಿದೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲವಂತೆ. ಬೇರೆ ಏನೂ ಬದಲಾಗಿಲ್ಲ, ಬದಲಾಗಿರುವುದು ತನ್ನ ಕನ್ನಡಕ ಒಂದೇ, ಅದನ್ನು ಕಂಡೇ ಹೆದರಿದೆ ಎಂದುಕೊಂಡು ಎರಡನೆಯ ದಿನವೇ ತೆಗೆದಿಟ್ಟಳಂತೆ. ಮಗು ರಚ್ಚೆ ಹಿಡಿದಾಗ ಕೈ ಬೀಸಿ ಕಣ್ಣಿಗೆ ತಾಗಿತಂತೆ. ಡಾಕ್ಟರು ಬೈದು, ಬೇರೆ ಡ್ರಾಪ್ಸ್ ಬರೆದುಕೊಟ್ಟಿದ್ದಾರಂತೆ.

“ಹೋಗಲಿ ಬಿಡು. ಮಕ್ಕಳಿಗೆ ನನ್ನ ಕೈ ಬೇಡವಾಗ್ತಿದೆ ಅಂತ ಕಾಣುತ್ತೆ,” ಎಂದಳು. “ಈ ಮನೆಗೇ ಕೊನೆ. ಇನ್ನು ಈ ಕೆಲಸ ಸಾಕು ಅಂತ ಸರ್ವಮಂಗಳಮ್ಮೋರಿಗೂ ಹೇಳಿಬಿಟ್ಟೆ ಕಣಮ್ಮ.”

ಆಮೇಲೆ ಅವಳು ಜಯಶೀಲಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗುವನ್ನು ಒಪ್ಪಿಸಲು ಶುರುಮಾಡಿದಳು. ಹೇಳಲು ಅವಳ ಬಳಿ ಇದ್ದುದು ಸೋಲುಗಳು ಮಾತ್ರ. ಅವನ್ನೂ ಬಚ್ಚಿಡಲಿಲ್ಲ. ಸರಿಯನ್ನು ಇನ್ನೂ ನೀರು ಮಾಡಿ ನೋಡಿದೆ, ಉಗಿದಳು, ನೀನು ಹಾಗೆ ಮಾಡಬೇಡ. ಬೆಲ್ಲ ಹಾಕಿದೆ, ಅದೂ ಆಗಲಿಲ್ಲ. ಭುಜದ ಮೇಲೆ ಹಾಕಿಕೊಂಡು ಒಂದೂವರೆ ಗಂಟೆ ಓಡಾಡಿದೆ, ಬೆನ್ನು ಸೆಟೆದುಕೊಂಡು ಅತ್ತಳು. ತನಗೆ ಗೊತ್ತಾಗದ್ದನ್ನು ಕೂಡ ಇವಳಿಗೆ ಉಪಯೋಗಕ್ಕೆ ಬರಲೆಂದು ಒಂದೊಂದಾಗಿ ಹೇಳಿದಳು. ಜಯಶೀಲ ತಲೆ ಎತ್ತಲಿಲ್ಲ.

ಒಳಗಿನಿಂದ ವಿಭಾ ಅಳುವ ಮಗುವನ್ನು ಎತ್ತಿಕೊಂಡು ಬಂದಳು. ಜೊತೆಗೆ ಸರಿಯ ಬಟ್ಟಲು. ಮಗು ಜಯಶೀಲಳನ್ನು ಕಂಡದ್ದೇ ಎರಡೂ ಕೈ ಚಾಚಿತು. ಜಯಶೀಲ ಅದನ್ನು ಸೊಂಟಕ್ಕೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳ ಕೈ ತಾನಾಗಿ ಎರಡು ಚಮಚ ತೆಗೆಯಿತು. ಒಂದನ್ನು ಮಗುವಿನ ಮುಷ್ಟಿಗೆ ಕೊಟ್ಟಳು. ಸರಿಗೆ ಇನ್ನಷ್ಟು ಹಿಟ್ಟು ಕದಡಿ, ಒಲೆಯ ಮೇಲಿಟ್ಟು ಗಟ್ಟಿಯಾಗಿಸಿ ಆರಿಸಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತಿನ್ನಿಸಿದಳು. ಮಗು ಚಮಚ ಕಚ್ಚುತ್ತ, ನಡುವೆ ಬಾಯಿ ತೆರೆಯುತ್ತ, ಬಿಕ್ಕುತ್ತಲೇ ತಿಂದಿತು. ನೋಡನೋಡುತ್ತ ಬಟ್ಟಲು ಖಾಲಿಯಾಯಿತು.

ಬಾಗಿಲಲ್ಲಿ ನಿಂತಿದ್ದ ಮಹದೇವಮ್ಮ ಮೊದಲು ನಕ್ಕಳು. ಆಮೇಲೆ ಅವಳ ನಗು ನಿಧಾನಕ್ಕೆ ನಿಂತಿತು. ಅವಳಿಗೆ ಅರ್ಥವಾಗಿತ್ತು. ಇದು ಈಗ ಹೊಳೆದ ಉಪಾಯವಲ್ಲ, ಪಳಗಿದ ಕೈಯ ಕೆಲಸ. ಅವಳು ನೀರು ಸುರಿಯುವ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡು ಆಚೆ ತಿರುಗಿದಳು.

ಆ ತಿರುಗಿದ ಬೆನ್ನನ್ನು ಜಯಶೀಲ ಸಹಿಸದಾದಳು.

“ಅಕ್ಕ, ನನಗೆ ಗೊತ್ತಿತ್ತು. ಅವತ್ತು ನಾನು ಬೇಕಂತಲೇ ಹೇಳಲಿಲ್ಲ,” ಎಂದಳು.

ಮಹದೇವಮ್ಮ ಸೆರಗು ಇಳಿಸಿ ಈ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಜಯಶೀಲಳಿಗೆ ಸುಲಭವಾಗುತ್ತಿತ್ತು.

“ನನಗೆ ಹೇಳದಿದ್ದರೆ ಹೋಗಲಿ ಜಯಾ,” ಎಂದಳು. “ಮೂರು ಹಗಲು ಹಸಿದುಕೊಂಡಿದ್ದವಳು ನಾನಲ್ಲವಲ್ಲ.”

ಜಯಶೀಲ ಮಡಿಲಲ್ಲಿದ್ದ ಮಗುವನ್ನು ನೋಡಿದಳು. ಅದು ಅವಳ ಬೆರಳಿಗೆ ಅಂಟಿದ್ದ ಸರಿಯನ್ನು ಚೀಪುತ್ತಿತ್ತು. ಮನೆ ಸಿಗಲಿ ಎಂದು ತಾನು ಪಣಕ್ಕಿಟ್ಟದ್ದು ಮಹದೇವಮ್ಮನ ಕೆಲಸವನ್ನು ಎಂದು ಅವಳು ಇಲ್ಲಿಯ ತನಕ ನಂಬಿದ್ದಳು. ಪಣಕ್ಕಿಟ್ಟದ್ದು ಈ ಹೊಟ್ಟೆಯನ್ನು. ತನ್ನನ್ನು ಕಂಡರೆ ಬಾಗಿಲಿಗೆ ಬರುತ್ತಿದ್ದ ಮಗುವಿನ ಹೊಟ್ಟೆಯನ್ನು.

ವಿಭಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಂದು ಮಗುವನ್ನು ಜಯಶೀಲಳ ಮಡಿಲಿನಿಂದ ಎತ್ತಿಕೊಂಡಳು.

ಜಯಶೀಲ ಆ ಮಧ್ಯಾಹ್ನ ತಾನಾಗಿಯೇ ಇನ್ನೊಂದು ಸಲ ಕೂತು ಮಗುವನ್ನು ಒಪ್ಪಿಸಿದಳು. ಹಲ್ಲು, ಚಮಚ, ಗಟ್ಟಿ ಸರಿ, ಚಾಪೆ, ಬೆನ್ನು ತಟ್ಟುವ ಲಯ, ಒಂದನ್ನೂ ಬಿಡಲಿಲ್ಲ. ಮಹದೇವಮ್ಮ ಕೇಳಿಕೊಂಡಳು, ಅರ್ಥವಾಗದ ಕಡೆ ತಿರುಗಿ ಕೇಳಿದಳು. ಬಳಿಕ ಮಗುವನ್ನು ಚಾಪೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಐದು ನಿಮಿಷದಲ್ಲಿ ಮಗು ಅವಳ ಕೈಕೆಳಗೆ ನಿದ್ದೆ ಹೋಯಿತು. ಮಹದೇವಮ್ಮ ಆ ಮನೆಯಲ್ಲೇ ಉಳಿದಳು, ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಜಯಶೀಲ ಏಜೆನ್ಸಿಗೆ ಹೋಗಿ ಸರ್ವಮಂಗಳಮ್ಮನಿಗೂ ನಡೆದುದನ್ನು ಹೇಳಿದಳು. ತನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದಳು. ಅವರು ತೆಗೆದುಹಾಕಲಿಲ್ಲ. ನೀನು ಬಚ್ಚಿಟ್ಟದ್ದು ನನಗೆ ಬೇಜಾರು, ಬಚ್ಚಿಟ್ಟು ಸುಮ್ಮನಿರಲಾಗಲಿಲ್ಲವಲ್ಲ, ಅದೊಂದಕ್ಕೆ ಇರು ಎಂದರು. ಮತ್ತೆ ಬದಲಿಯಾಗಿಯೇ ಕಳಿಸಿದರು. ಉಳಿದ ಹೆಂಗಸರಿಗೂ ವಿಷಯ ತಿಳಿದಿರಬೇಕು, ಏಕೆಂದರೆ ಅವಳನ್ನು ಸ್ಟೆಪ್ನಿ ಎಂದು ಕರೆಯುವುದನ್ನು ಅವರು ನಿಲ್ಲಿಸಿದರು. ಆ ಮೌನ ಅವಳಿಗೆ ಹಳೆಯ ತಮಾಷೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಅಲ್ಲಿಂದ ಮುಂದೆ ಅವಳು ಎಷ್ಟೋ ಮಕ್ಕಳನ್ನು ಒಪ್ಪಿಸಿದಳು. ಎಲ್ಲ ಹೇಳಿ ಮುಗಿದ ಮೇಲೂ ರುಜು ಹಾಕದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದಳು. ಏನಾದರೂ ಉಳಿದಿದೆಯಾ ಎಂದು ಎದುರಿಗಿದ್ದವಳು ಕೇಳಿದರೆ, ಇಲ್ಲ, ಏನಾದ್ರೂ ಬಿಟ್ಟಿದ್ದೀನಾ ಅಂತ ನೋಡ್ತಿದ್ದೀನಿ ಅಷ್ಟೆ ಅನ್ನುತ್ತಿದ್ದಳು.

ನೀತಿ: ಗೊತ್ತಿದ್ದನ್ನು ಹೇಳದೆ ಉಳಿಸಿಕೊಂಡು ಇನ್ನೊಬ್ಬರನ್ನು ಸೋಲಿಸಿದರೆ, ಆ ಪೆಟ್ಟು ನಾವು ಗುರಿಯಿಟ್ಟವರ ಮೇಲೆಯೇ ಬೀಳುತ್ತದೆಂಬ ಭರವಸೆ ಇಲ್ಲ. ಅದು ನಮ್ಮಿಬ್ಬರ ನಡುವೆ ಇರುವ, ಬಾಯಿಲ್ಲದವರ ಮೇಲೆ ಮೊದಲು ಬೀಳುತ್ತದೆ.