ಎಲ್ಲರಿಗಿಂತ ಮುಂದೆ ನಿಂತವನ ಫೋಟೊ

ಒಂದು ಕಾಡಿನಲ್ಲಿ ಜೊಂಡು ಬೆಳೆದ ದೊಡ್ಡ ಕೆರೆಯಿತ್ತು. ಬಾತಕ್ಕ ತನ್ನ ಏಳು ಮರಿಗಳೊಂದಿಗೆ ಅಲ್ಲಿ ಸಂಸಾರ ಹೂಡಿದ್ದಳು. ದಿನವೂ ಒಬ್ಬ ಮನುಷ್ಯ ಬಂದು, ದಡದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಉದ್ದ ಮೂತಿಯ ಕ್ಯಾಮೆರಾ ನಿಲ್ಲಿಸಿ, ನೀರುಹಕ್ಕಿಗಳ ಫೋಟೊ ತೆಗೆಯುತ್ತಿದ್ದ. "ಎಷ್ಟು ದೂರ ಇದ್ರೂ ಮೂಗಿನ ತುದೀಲೇ ಇದ್ದ ಹಾಗೆ ಕಾಣುತ್ತಲ್ಲ" ಎಂದು ತನ್ನಷ್ಟಕ್ಕೆ ಹಿಗ್ಗುತ್ತಿದ್ದ. ಆ ಮಾತು ಬಾತಕ್ಕನಿಗೆ ಬಾಯಿಪಾಠವಾಗಿಹೋಗಿತ್ತು.

ಒಂದು ಬೆಳಿಗ್ಗೆ ಹೆಜ್ಜೇನು ಎದ್ದವು. ಮನುಷ್ಯ ಎಲ್ಲವನ್ನೂ ಬಿಟ್ಟು ಓಡಿದ. ಪೊದೆಯಲ್ಲಿದ್ದ ಹಸಿದ ನರಿ ಇದನ್ನು ನೋಡಿತು. ಹೆಜ್ಜೇನು ಗೂಡಿಗೆ ಮರಳಿದ ಮೇಲೆ ಮೆಲ್ಲಗೆ ಬಂದು, ಅವನು ಬೀಳಿಸಿಹೋದ ಟೋಪಿಯನ್ನು ತಲೆಗೇರಿಸಿಕೊಂಡು ಕ್ಯಾಮೆರಾದ ಹಿಂದೆ ಠೀವಿಯಿಂದ ನಿಂತಿತು.

"ಬನ್ನಿ ಬನ್ನಿ, ಇವತ್ತಿಂದ ಫೋಟೊ ತೆಗೆಯೋನು ನಾನೇ. ದೊಡ್ಡೋರು ಹಿಂದೆ, ಮಕ್ಕಳು ಮುಂದೆ. ದಡಕ್ಕೆ ತಾಗಿ ನಿಂತ್ರೆ ಮುಖ ಚೆನ್ನಾಗಿ ಬರುತ್ತೆ."

ಅದೇ ಕೆರೆಯ ಇನ್ನೊಂದು ನೀರುಹಕ್ಕಿ, ಹಣೆಯಲ್ಲಿ ಬಿಳಿ ನಾಮವಿದ್ದ ನಾಮದ ಕೋಳಿ, ತನ್ನ ನಾಲ್ಕು ಮರಿಗಳ ಪುಕ್ಕ ತೀಡಿ ಹೊರಟೇಬಿಟ್ಟಳು.

"ಹೋಗಬೇಡ ಕಣೇ, ಅದು ನರಿ" ಎಂದಳು ಬಾತಕ್ಕ.

"ನನ್ನ ಫೋಟೊ ಮೊದಲು ಬರುತ್ತೆ ಅಂತ ಹೊಟ್ಟೆಕಿಚ್ಚು ನಿನಗೆ" ಎಂದು ಅವಳು ಕತ್ತು ಕೊಂಕಿಸಿ ಮುಂದೆ ಈಜಿದಳು.

ಇನ್ನು ನಾಲ್ಕು ಮಾರು ಹೋದರೆ ಆ ಮರಿಗಳು ನರಿಯ ಬಾಯಿಗೆ ಬೀಳುತ್ತವೆ. ಆಗ ಬಾತಕ್ಕನಿಗೆ ಆ ಮನುಷ್ಯನ ಮಾತು ನೆನಪಾಯಿತು.

"ನರಿಯಣ್ಣ, ಮೊದಲು ನಮ್ಮದು ತೆಗೀರಿ. ನನಗೆ ಏಳು ಮರಿ" ಎಂದು ಕೆರೆಯ ನಡುವಿನಿಂದಲೇ ಕೂಗಿದಳು.

ಏಳು ಎಂದು ಕಿವಿಗೆ ಬಿದ್ದದ್ದೇ ತಡ, ನರಿಗೆ ನಾಲ್ಕು ಸಪ್ಪೆಯಾಯಿತು. "ನೀನು ಸ್ವಲ್ಪ ಆಚೆ ಸರಿಯಮ್ಮ" ಎಂದು ನಾಮದ ಕೋಳಿಯನ್ನು ಸಾಗಹಾಕಿತು. ಅವಳು ಮುಖ ಊದಿಸಿಕೊಂಡು, ಮರಿಗಳೊಂದಿಗೆ ಜೊಂಡಿನೊಳಗೆ ಸರಿದಳು.

"ಈಗ ಹತ್ತಿರ ಬಾ, ಬಾತಕ್ಕ."

"ಬಂದೆ. ನೀವು ಮೊದಲು ಕ್ಯಾಮೆರಾಕ್ಕೆ ಕಣ್ಣಿಡಿ. ಆ ಮನುಷ್ಯ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನ ಅದರಿಂದ ತೆಗೀತಾನೇ ಇರಲಿಲ್ಲ. ನಿಮಗೆ ಈ ಕೆಲಸ ಬರುತ್ತೆ ತಾನೇ?"

ನರಿಗೆ ಮಾನದ ಪ್ರಶ್ನೆಯಾಯಿತು. ಟೋಪಿ ಹಿಂದಕ್ಕೆ ಸರಿಸಿ ಕಣ್ಣಿಟ್ಟಿತು. ಬಾತಕ್ಕ ಮರಿಗಳನ್ನು ಸಾಲಾಗಿ ನಿಲ್ಲಿಸಿದಳು. ಇದ್ದಲ್ಲಿಂದ ಒಂದು ಗೇಣೂ ಮುಂದೆ ಬರಲಿಲ್ಲ. ಕ್ಯಾಮೆರಾದೊಳಗೆ ಮಾತ್ರ ಏಳು ಮರಿಗಳೂ ದುಂಡುದುಂಡಗೆ, ನರಿಯ ಮೂಗಿಗೆ ತಾಗುವ ಹಾಗೆ ತೇಲುತ್ತಿದ್ದವು.

"ಹತ್ತಿರ ಬಂದ್ವಾ, ನರಿಯಣ್ಣ?"

"ಬಂದ್ರಿ, ಬಂದ್ರಿ" ಎಂದಿತು ನರಿ. ಬಾಯಲ್ಲಿ ನೀರೂರಿ ಮಾತೇ ಸರಿಯಾಗಿ ಹೊರಡಲಿಲ್ಲ. ಮರುಕ್ಷಣ ಬಾಯಿ ತೆರೆದು ಕ್ಯಾಮೆರಾದ ಮೇಲಿಂದಲೇ ಹಾರಿತು. ಹಾರುವಾಗ ಹಿಂಗಾಲು ಫೋಟೊ ತೆಗೆಯುವ ಗುಂಡಿಗೆ ತಾಗಿ ಕ್ಯಾಮೆರಾ ಕ್ಲಿಕ್ಕೆಂದಿತು.

ನರಿ ಬಿದ್ದದ್ದು ದಡದ ಕೆಸರಿನಲ್ಲಿ, ಕತ್ತಿನವರೆಗೆ. ಬಾಯಿಗೆ ಸಿಕ್ಕಿದ್ದು ಒಂದು ಹಿಡಿ ಪಾಚಿ. ಸಂಜೆಯವರೆಗೆ ಒದ್ದಾಡಿ, ಮೂಗಿಗೆ ಎರಡು ಜಿಗಣೆ ಅಂಟಿಸಿಕೊಂಡು ಹೊರಬಂದದ್ದು ಮತ್ತೆ ಆ ಕೆರೆಯ ಕಡೆ ತಲೆ ಹಾಕಲಿಲ್ಲ. ನಾಮದ ಕೋಳಿ ನಾಲ್ಕು ಮರಿಗಳನ್ನೂ ಕರೆದುಕೊಂಡು ಬಂದು ಬಹಳ ಹೊತ್ತು ಬಾತಕ್ಕನ ಪಕ್ಕದಲ್ಲೇ ಈಜಿದಳು.

ಮರುದಿನ ಮನುಷ್ಯ ಊದಿದ ಮುಖ ಹೊತ್ತು ಬಂದು ಕ್ಯಾಮೆರಾ ನೋಡಿದ. ಹೊಸದೊಂದು ಫೋಟೊ ಇತ್ತು. ಹಿಂದೆ ಬಾತಕ್ಕ, ಮುಂದೆ ಸಾಲಾಗಿ ಏಳು ಮರಿಗಳು; ಎಲ್ಲರ ಮುಖವೂ ಚೆನ್ನಾಗಿ ಬಂದಿತ್ತು. ಎಲ್ಲರಿಗಿಂತ ಮುಂದೆ, ಸ್ವಲ್ಪ ಮಸುಕಾಗಿ, ಒಂದು ನರಿಯ ಬಾಲ.

ನೀತಿ: ಬೇರೆಯವರಿಗೆ ಮೋಸ ಮಾಡಲು ಹೊರಟವನ ಕಣ್ಣಿಗೆ ಅವನ ದುರಾಸೆಯೇ ಮೊದಲು ಮೋಸ ಮಾಡುತ್ತದೆ.